ಹತ್ತು ಸೆಕೆಂಡಿನ ನೀರು

ಕೊಡಗಿನ ಮಳೆಗಾಲದಲ್ಲಿ ನೀರನ್ನು ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಒಗೆದ ಬಟ್ಟೆ ಒಣಗಲು ವಾರ ಬೇಕು, ಉಪ್ಪಿನ ಡಬ್ಬಿಯಲ್ಲಿ ಸಣ್ಣ ಕೆರೆ, ಬೀರುವಿನ ಬೆಲ್ಟಿನ ಮೇಲೆ ಬೂಷ್ಟು. ಇಂಥ ಊರಿನಲ್ಲಿ ಕೂತು ಮಾದರಿ ಯುದ್ಧವಿಮಾನಕ್ಕೆ ಡೆಕಾಲ್ (ನೀರಿಗೆ ಅದ್ದಿ ಜಾರಿಸಿ ಕೂರಿಸುವ ಅಚ್ಚಿನ ಚಿತ್ರ) ಅಂಟಿಸುವವರಿಗೆ ಬೇಕಾದದ್ದು ಹತ್ತು ಸೆಕೆಂಡಿನ ನೀರು. ಉಳಿದ ನೀರೆಲ್ಲ ಶತ್ರುಪಾಳಯ.

ರೆಕ್ಕೆಯ ಮೇಲಿನ ರೌಂಡೆಲ್ ಎಂಬ ದುಂಡು ಗುರುತು, ಬಾಲದ ತ್ರಿವರ್ಣದ ಪಟ್ಟಿ, ವಿಮಾನದ ಸಂಖ್ಯೆ, ಸ್ಕ್ವಾಡ್ರನ್ನಿನ ಲಾಂಛನ, 'ಇಲ್ಲಿ ಕಾಲಿಡಬೇಡಿ' ಎನ್ನುವ ಗೀಟು, ಇವೆಲ್ಲ ಪೆಟ್ಟಿಗೆಯೊಳಗೆ ಒಂದು ನೀಲಿ ಕಾಗದದ ಮೇಲೆ ಮಲಗಿ ಬರುತ್ತವೆ. ಕಾಗದದ ಮೇಲೆ ನೀರಿಗೆ ಕರಗುವ ಗೋಂದು, ಅದರ ಮೇಲೆ ಪಾರದರ್ಶಕ ಫಿಲ್ಮು, ಫಿಲ್ಮಿನ ಮೇಲೆ ಶಾಯಿ. ನೀರು ಕಾಗದದ ಬೆನ್ನಿನಿಂದ ಇಳಿದು ಗೋಂದನ್ನು ಸಡಿಲಿಸುತ್ತದೆ, ಚಿತ್ರ ಜಾರುತ್ತದೆ. ಮುಂದಿನ ಕಷ್ಟವೆಲ್ಲ ಆ ಫಿಲ್ಮನ್ನು ಇಲ್ಲವಾಗಿಸುವುದರಲ್ಲಿದೆ. ಯಾರಾದರೂ ನೋಡಿ 'ಎಷ್ಟು ಚೆನ್ನಾಗಿ ಅಂಟಿಸಿದ್ದೀರಿ' ಎಂದರೆ ಕೆಲಸ ಕೆಟ್ಟಿದೆ ಎಂದೇ ಅರ್ಥ. 'ಚೆನ್ನಾಗಿ ಬಣ್ಣ ಬಳಿದಿದ್ದೀರಿ' ಅನ್ನಬೇಕು.

ಹೊಸಬರು ಎಡವುವುದು ನೀರಿಗೆ ಇಳಿಯುವ ಮೊದಲೇ. ಯುದ್ಧವಿಮಾನದ ಬಣ್ಣ ಸಾಮಾನ್ಯವಾಗಿ ಮ್ಯಾಟ್. ಮ್ಯಾಟ್ ಎಂದರೆ ಬರಿಗಣ್ಣಿಗೆ ಕಾಣದ ಗುಡ್ಡ ಕಣಿವೆ, ನಮ್ಮ ಜಿಲ್ಲೆಯ ನಕ್ಷೆಯಂತೆ. ಅದರ ಮೇಲೆ ಫಿಲ್ಮು ಹಾಸಿದರೆ ಗುಡ್ಡದ ತುದಿಗಳ ಮೇಲೆ ನಿಂತು, ಕಣಿವೆಗಳಲ್ಲಿ ಗಾಳಿ ಸಿಕ್ಕಿಕೊಂಡು, ಓರೆಬೆಳಕಿಗೆ ಬೆಳ್ಳಗೆ ಹೊಳೆಯುತ್ತದೆ. ಇದನ್ನೇ ಸಿಲ್ವರಿಂಗ್ ಅನ್ನುವುದು. ಆದ್ದರಿಂದ ಮೊದಲು ತೆಳ್ಳಗೆ ಎರಡು ಮೂರು ಕೋಟು ಹೊಳಪಿನ ವಾರ್ನಿಶ್, ಆಮೇಲೆ ಡೆಕಾಲ್.

ಕೊಡಗಿನ ಕಾಟ ಶುರುವಾಗುವುದು ಇಲ್ಲೇ. ಮಳೆ ಜೋರಾದ ಕಕ್ಕಡ ಮಾಸದ ಸಂಜೆ ಲ್ಯಾಕರ್ ವಾರ್ನಿಶ್ ಸ್ಪ್ರೇ ಮಾಡಿ ನೋಡಿ: ಐದು ನಿಮಿಷದಲ್ಲಿ ವಿಮಾನದ ಮೇಲೆ ಮಂಜು ಮುಸುಕುತ್ತದೆ. ತೆಳುಕ (ಥಿನ್ನರ್) ಬೇಗ ಆರುವಾಗ ಮೈಯನ್ನು ತಣ್ಣಗಾಗಿಸುತ್ತದೆ, ತಣ್ಣಗಾದ ಮೈ ಮೇಲೆ ಗಾಳಿಯ ತೇವ ಇಳಿಯುತ್ತದೆ, ವಾರ್ನಿಶ್ ಬಿಳಚಿಕೊಳ್ಳುತ್ತದೆ. ನಿಧಾನವಾಗಿ ಆರುವಂತೆ ಸ್ವಲ್ಪ ರಿಟಾರ್ಡರ್ ಬೆರೆಸಿದರೆ ಬಚಾವಾಗಬಹುದು. ಆಗಲೇ ಬಿಳಚಿದ್ದರೆ ಒಣ ದಿನಕ್ಕೆ ಕಾದು ಬರೀ ತೆಳುಕವನ್ನು ಹನಿಮಂಜಿನಂತೆ ಹಾಯಿಸಿದಾಗ ಎಷ್ಟೋ ಸಲ ತಿಳಿಯಾಗುತ್ತದೆ. ನೀರಿನಲ್ಲಿ ಕರಗುವ ಅಕ್ರಿಲಿಕ್ ವಾರ್ನಿಶ್ ಹೀಗೆ ಬಿಳಚಿಕೊಳ್ಳುವುದಿಲ್ಲ, ಆದರೆ ಒಣಗುವುದೂ ಇಲ್ಲ. ಬಯಲುಸೀಮೆಯಲ್ಲಿ ಒಂದು ದಿನ ಬಿಟ್ಟರೆ ಸಾಕು. ಜುಲೈನ ಮಡಿಕೇರಿಯಲ್ಲಿ ಮೂರು ದಿನ ಬಿಡಬೇಕು, ಅದೂ 40 ವ್ಯಾಟಿನ ಹಳೇ ಬಲ್ಬು ಉರಿಸಿದ ರಟ್ಟಿನ ಪೆಟ್ಟಿಗೆಯಲ್ಲಿ, ಬಲ್ಬಿನಿಂದ ಒಂದಡಿ ದೂರಕ್ಕೆ. ಹತ್ತಿರ ಇಟ್ಟರೆ ರೆಕ್ಕೆ ಬಾಗುತ್ತದೆ.

ಡೆಕಾಲ್ ಹಾಳೆಯನ್ನು ಕಾಯುವುದು ಇನ್ನೊಂದು ಗೋಳು. ಗೋಂದು ಗಾಳಿಯ ತೇವ ಕುಡಿದು ಪಕ್ಕದ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಬೆಳ್ಳಿಹುಳಕ್ಕೂ ಗೋಂದೆಂದರೆ ಪ್ರಾಣ, ರಾತ್ರೋರಾತ್ರಿ ಹಾಳೆಯ ಅಂಚು ಮೇಯುತ್ತದೆ. ಜಿಪ್ ಇರುವ ಚೀಲ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಿಸುವ ಜೆಲ್ ಆದರೆ ಸುಲಭ: ನೀಲಿ ಹರಳು ಗುಲಾಬಿಯಾದರೆ ಹೊಟ್ಟೆ ತುಂಬಿದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಕೆಲಸಕ್ಕೆ ಹಚ್ಚಬೇಕು.

ಇನ್ನು ಆ ಹತ್ತು ಸೆಕೆಂಡು. ಚಿತ್ರವನ್ನು ಹೊಸ ಬ್ಲೇಡಿನಿಂದ ಅಂಚಿಗೆ ಹತ್ತಿ ಕತ್ತರಿಸಿ, ಚಿಮುಟದಲ್ಲಿ ಹಿಡಿದು, ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ತೆಗೆಯಬೇಕು. ನೀರಲ್ಲೇ ಬಿಟ್ಟರೆ ಗೋಂದೆಲ್ಲ ತೊಳೆದುಹೋಗಿ ಚಿತ್ರ ತೇಲಾಡುತ್ತದೆ, ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಮಡಚಿದರೆ ಎಳೆಯಬೇಡಿ; ಮತ್ತೆ ನೀರಿಗೆ ಬಿಟ್ಟು ಬ್ರಷ್‌ನಿಂದ ಮೆಲ್ಲಗೆ ಸವರಿದರೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದ್ದಿ ತೆಗೆದದ್ದನ್ನು ಟಿಶ್ಯೂ ಮೇಲೆ ಒಂದು ನಿಮಿಷ ಇಟ್ಟರೆ ಉಳಿದ ಕೆಲಸ ಕಾಗದದೊಳಗಿನ ತೇವವೇ ಮಾಡುತ್ತದೆ. ಬೋರ್‌ವೆಲ್‌ನ ಗಡಸು ನೀರು ಬಳಸಿದರೆ ಒಣಗಿದ ಮೇಲೆ ಸುಣ್ಣದ ಕಲೆ ಕಾಣುತ್ತದೆ. ಪೇಟೆಯವರು ಅದಕ್ಕಾಗಿ ಡಿಸ್ಟಿಲ್ಡ್ ವಾಟರ್ ಕೊಳ್ಳುತ್ತಾರೆ. ನಾವು ಕಿಟಕಿಯಾಚೆ ಲೋಟ ಹಿಡಿದರೆ ಆಯಿತು. ಮಳೆಯಿಂದ ಈ ಕಸುಬಿಗೆ ಆದ ಉಪಕಾರ ಇದೊಂದೇ.

ಕೂರಿಸುವ ಜಾಗಕ್ಕೆ ಮೊದಲು ಮೈಕ್ರೋ ಸೆಟ್ ಎಂಬ ದ್ರವ ಸವರುತ್ತಾರೆ. ಮೂಗಿಗೆ ವಿನೆಗರ್ ವಾಸನೆ ಬಡಿಯುತ್ತದೆ, ಅದರಲ್ಲಿರುವುದೂ ಅಸಿಟಿಕ್ ಆಮ್ಲವೇ. ಸಿಗದಿದ್ದಾಗ ಬಿಳಿ ವಿನೆಗರ್‌ಗೆ ನೀರು ಬೆರೆಸಿ ಕೆಲಸ ಸಾಗಿಸುವವರಿದ್ದಾರೆ. ಹುಳಿ ಹುಳಿಯೇ ತಾನೇ ಎಂದು ಅಡುಗೆಮನೆಯ ಕಾಚಂಪುಳಿ ಬಾಟಲಿಗೆ ಕೈ ಹಾಕಬೇಡಿ. ಅದು ಹಂದಿಮಾಂಸಕ್ಕೇ ಇರಲಿ. ಚಿತ್ರ ಜಾಗಕ್ಕೆ ಬಂದ ಮೇಲೆ ಹತ್ತಿಕಡ್ಡಿಯನ್ನು ನಡುವಿನಿಂದ ಅಂಚಿಗೆ ಉರುಳಿಸಿ ನೀರು ಹೊರದಬ್ಬಬೇಕು. ಉರುಳಿಸಬೇಕು, ಉಜ್ಜಬಾರದು. ಆಮೇಲೆ ಮೈಕ್ರೋ ಸಾಲ್ ಅಥವಾ ಮಿಸ್ಟರ್ ಮಾರ್ಕ್ ಸಾಫ್ಟರ್. ಇವು ಫಿಲ್ಮನ್ನೇ ಮೆದುವಾಗಿಸಿ ಪ್ಯಾನೆಲ್ ಗೆರೆಗಳೊಳಗೆ ಇಳಿಸುತ್ತವೆ. ಹಚ್ಚಿದ ಎರಡು ನಿಮಿಷಕ್ಕೆ ರೌಂಡೆಲ್ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಎದೆ ಝಲ್ಲೆನ್ನುತ್ತದೆ, ಬೆರಳು ತಾನಾಗಿ ಮುಂದೆ ಹೋಗುತ್ತದೆ. ಆಗ ಎದ್ದು ಹೋಗಿ ಕಾಫಿ ಕಾಸುವುದೇ ಸರಿಯಾದ ತಂತ್ರ. ಮುಟ್ಟಿದವರ ರೌಂಡೆಲ್ ಹರಿಯುತ್ತದೆ. ಮುಟ್ಟದವರದು ಹೆಚ್ಚಿನ ಸಲ ಒಣಗುತ್ತಾ ಬಿಗಿದು ಸಪಾಟಾಗುತ್ತದೆ. ಆದರೂ ಗುಳ್ಳೆ ಉಳಿದರೆ ಸೂಜಿಮೊನೆಯಿಂದ ಚುಚ್ಚಿ ಇನ್ನೊಂದು ಹನಿ ಬಿಡಬೇಕು.

ನಮ್ಮ ವಾಯುಸೇನೆಯ ರೌಂಡೆಲ್‌ನಲ್ಲಿ ನಡುವೆ ಹಸಿರು, ಸುತ್ತ ಬಿಳಿ, ಹೊರಗೆ ಕೇಸರಿ. ಇಟಲಿಯದೂ ನಡುವೆ ಹಸಿರು, ಆದರೆ ಹೊರಗೆ ಕೆಂಪು. ಕೇಸರಿ ಒಂದಿಷ್ಟು ಕೆಂಪಾಗಿ ಅಚ್ಚಾದರೆ ಇಟಲಿ ಆಗಿಬಿಡುತ್ತದೆ. ಅಚ್ಚಿನಲ್ಲಿ ಬಣ್ಣಗಳು ಅರ್ಧ ಮಿಲಿಮೀಟರ್ ಸರಿದರೂ ಬಿಳಿ ಉಂಗುರ ಒಂದು ಕಡೆ ದಪ್ಪ, ಇನ್ನೊಂದು ಕಡೆ ಗೀಟು. ಹಾಳೆ ಕೊಳ್ಳುವಾಗಲೇ ಭೂತಗನ್ನಡಿ ಹಿಡಿದು ನೋಡಬೇಕು. ಕೇಸರಿಯ ಕೆಳಗೆ ಬಿಳಿ ಅಡಿಪದರ ಇಲ್ಲದಿದ್ದರೆ ಕಡುಹಸಿರು ಕ್ಯಾಮಫ್ಲಾಜ್ ಅದರೊಳಗಿಂದ ಇಣುಕುತ್ತದೆ. ಅದೇ ಅಳತೆಯ ಬಿಳಿ ಬಿಲ್ಲೆಯನ್ನು ಮೊದಲು ಕೂರಿಸುವುದೇ ದಾರಿ. ಮನೆಯ ಇಂಕ್‌ಜೆಟ್‌ನಲ್ಲಿ ಅಚ್ಚು ಹಾಕುತ್ತೇನೆ ಎನ್ನುವವರಿಗೆ ಎರಡು ಮಾತು: ಆ ಯಂತ್ರಕ್ಕೆ ಬಿಳಿ ಬಣ್ಣ ಬರುವುದಿಲ್ಲ, ಮತ್ತು ಮೇಲೆ ವಾರ್ನಿಶ್ ಹೊಡೆಯದೆ ನೀರಿಗೆ ಅದ್ದಿದರೆ ತ್ರಿವರ್ಣ ಲೋಟದ ತಳದಲ್ಲಿ ಸಿಗುತ್ತದೆ.

ಕೊಡಗಿನ ಕಪಾಟಿಗೆ ಯಾವ ವಿಮಾನ ಎಂದರೆ ಮಾತು ಮಿಸ್ಟೇರ್ ಎಂಬ ಹಳೇ ಫ್ರೆಂಚ್ ಜೆಟ್‌ಗೆ ಬರುತ್ತದೆ. 1965ರ ಸೆಪ್ಟೆಂಬರ್ 7ರಂದು 1ನೇ ಸ್ಕ್ವಾಡ್ರನ್ನಿನ, ಕೊಡಗಿನವರೇ ಆದ ಅಜ್ಜಮಾಡ ಬಿ. ದೇವಯ್ಯ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ, ತನಗಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವೊಂದನ್ನು ಹೊಡೆದುರುಳಿಸಿ ಮರಳಿ ಬಾರದೆ ಹೋದದ್ದು ಇದರಲ್ಲೇ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಪಾಪ, ಡೆಕಾಲ್ ಅಂಟಿಸುವವರಿಗೆ ಮಿಸ್ಟೇರ್‌ನಷ್ಟು ಕಠಿಣ ಪರೀಕ್ಷೆ ಇನ್ನೊಂದಿಲ್ಲ. 12.85 ಮೀಟರ್ ಉದ್ದದ ವಿಮಾನ 1/72 ಅಳತೆಯ ಮಾದರಿಯಲ್ಲಿ ಸುಮಾರು 18 ಸೆಂಟಿಮೀಟರ್, ಮೈಯೆಲ್ಲ ಬರೀ ಅಲ್ಯೂಮಿನಿಯಂ. ಹಸಿರು ಕಂದು ಬಣ್ಣ ಫಿಲ್ಮಿನ ಅಂಚನ್ನು ಒಂದಿಷ್ಟಾದರೂ ಮುಚ್ಚಿಡುತ್ತದೆ. ಬೆಳ್ಳಿ ಮೈ ಎಲ್ಲವನ್ನೂ ಹೇಳಿಬಿಡುತ್ತದೆ. 'ಐಎ' ಎಂದು ಶುರುವಾಗುವ ಸಂಖ್ಯೆಯನ್ನು ಇಡಿಯಾಗಿ ಅಂಟಿಸಿದರೆ ಅಕ್ಷರಗಳ ನಡುವಿನ ಖಾಲಿ ಫಿಲ್ಮು ಮಂಕಾಗಿ ಉಳಿಯುತ್ತದೆ. ಒಂದೊಂದೇ ಅಕ್ಷರ ಕತ್ತರಿಸಿ, ಮಾಸ್ಕಿಂಗ್ ಟೇಪನ್ನು ನೆಲಗೆರೆಯಾಗಿ ಹಾಕಿಕೊಂಡು ಜೋಡಿಸಬೇಕು. ಖಾರದ ಸಾಫ್ಟರ್ ಲೋಹದ ಬಣ್ಣಕ್ಕೆ ಕಲೆ ಬಿಡುವುದೂ ಉಂಟು, ಆದ್ದರಿಂದ ಮೊದಲು ಹಳೇ ಚಮಚಕ್ಕೆ ಅದೇ ಬಣ್ಣ ಬಳಿದು ಪರೀಕ್ಷೆ.

ಸಣ್ಣ ಅಕ್ಷರಗಳ ವಿಷಯದಲ್ಲಿ ಜನ ಎರಡು ಪಂಗಡ. ನಿಜವಾದ ವಿಮಾನದ 25 ಮಿಲಿಮೀಟರ್ ಅಕ್ಷರ 1/72ರಲ್ಲಿ 0.35 ಮಿಲಿಮೀಟರ್, ಓದಲು ಯಾರಿಗೂ ಆಗುವುದಿಲ್ಲ. ಮಿಗ್-21ಕ್ಕೆ ಅಂಥವು ಹಾಳೆ ತುಂಬ ಇರುತ್ತವೆ. ಕೆಲವರು ಬಿಟ್ಟೇಬಿಡುತ್ತಾರೆ. ಬಿಡಬಾರದು ಎಂದು ನನ್ನ ಪಕ್ಷ, ಆದರೆ ಒಂದೇ ರಾತ್ರಿ ಕೂತು ಮುಗಿಸಲೂಬಾರದು. ನಲವತ್ತು ಅಂಟಿಸಿದ ನಂತರ ಎಲ್ಲವೂ ಓರೆಯಾಗಿ ಕೂರುತ್ತವೆ. ಕೊನೆಗೆ ಒದ್ದೆ ಬಟ್ಟೆಯಿಂದ ಗೋಂದಿನ ಹಳದಿ ಕಲೆ ಒರೆಸಿ, ಮತ್ತೊಂದು ವಾರ್ನಿಶ್ ಕೋಟು ಕೊಟ್ಟು ಮುಚ್ಚಬೇಕು.

ಇಷ್ಟಾದ ಮೇಲೆ ಈ ಜಿಲ್ಲೆಯಲ್ಲಿ ತಪ್ಪದ ಇನ್ನೊಂದು ಗಂಡಾಂತರವಿದೆ. ಮನೆಗೊಬ್ಬರು ಸೇನೆಯಲ್ಲಿದ್ದವರು, ವಾಯುಸೇನೆಯಿಂದ ನಿವೃತ್ತರಾದವರೂ ಹತ್ತಿರದಲ್ಲೇ ಎಲ್ಲೋ ಇರುತ್ತಾರೆ. ಕೈಲ್‌ಪೋಳ್ದ್ (ಕೊಡಗಿನ ಆಯುಧಗಳ ಹಬ್ಬ) ದಿನ ಊಟಕ್ಕೆ ಬಂದವರು ಕಪಾಟಿನ ಮುಂದೆ ನಿಲ್ಲುತ್ತಾರೆ. ಬಣ್ಣ ನೋಡುವುದಿಲ್ಲ, ಕಾಕ್‌ಪಿಟ್ ನೋಡುವುದಿಲ್ಲ. ಕನ್ನಡಕ ಹಣೆಗೇರಿಸಿ, ವಿಮಾನವನ್ನು ಎರಡು ಬೆರಳಲ್ಲಿ ಎತ್ತಿ, ಬೋರಲು ಹಾಕಿ ಕೇಳುತ್ತಾರೆ: "ರೆಕ್ಕೆ ಕೆಳಗಿನ ರೌಂಡೆಲ್ ಎಲ್ಲಿ?"