ಹೂಂ ಅಂದ ತಪ್ಪಿಗೆ

ನಮ್ಮಜ್ಜಿ ಕಥೆ ಹೇಳಬೇಕಾದರೆ ಒಂದು ಕರಾರಿತ್ತು. ನಡುನಡುವೆ ಹೂಂಗುಟ್ಟಬೇಕು. ಹೂಂ ನಿಂತರೆ ಹುಡುಗ ಮಲಗಿದ ಅಂತ ಲೆಕ್ಕ, ಕಥೆ ಬಂದ್. ರಾಕ್ಷಸ ಇನ್ನೇನು ಬಾಗಿಲು ತಟ್ಟಬೇಕು ಅನ್ನುವಾಗ ನಿಂತರೆ ಹೇಗೆ? ನಿದ್ದೆಗಣ್ಣಲ್ಲೂ ಹೂಂ ಅನ್ನುತ್ತಿದ್ದೆ. ಆ ಅಭ್ಯಾಸ ನಲವತ್ತು ವರ್ಷ ಬಿಟ್ಟು ಬಿಲ್ ಆಗಿ ಬಂತು.

ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನ್. ಯಾವುದೋ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಹುಡುಗಿ. "ಏರ್‌ಪೋರ್ಟ್ ಲೌಂಜ್ ಫ್ರೀ ಸರ್." ಹೂಂ, ಅಂದೆ. ನಾನು ಹೋಗುವುದು ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿಗೆ. "ಪೆಟ್ರೋಲ್ ಮೇಲೆ ರಿಯಾಯಿತಿ ಸರ್." ಹೂಂ. ಇಷ್ಟು ಹೊತ್ತು ಮಾತಾಡುತ್ತಿದ್ದಾಳೆ ಪಾಪ, ಸುಮ್ನೆ ಇರುವುದು ಮರ್ಯಾದೆಯಲ್ಲ. ನಮ್ಮ ಹೂಂಗೆ 'ಕೇಳಿಸಿಕೊಳ್ತಿದೀನಿ, ಮುಂದೆ ಹೇಳು' ಅಂತ ಅರ್ಥ. ಅವಳ ಕಂಪ್ಯೂಟರಿನಲ್ಲಿ ಅದಕ್ಕೆ 'ಒಪ್ಪಿದ್ದಾರೆ' ಅಂತ ಅರ್ಥ. ಸಾಸಿವೆ ಸೀದು ಹೋಯಿತು.

ಹತ್ತು ದಿನಕ್ಕೆ ಕಾರ್ಡ್ ಬಂತು, ಡ್ರಾಯರಿಗೆ ಹೋಯಿತು. ಮುಂದಿನ ತಿಂಗಳು ಬಿಲ್. ಸೇರುವ ಶುಲ್ಕ 499, ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 588 ರೂಪಾಯಿ 82 ಪೈಸೆ. ಪೈಸೆ ನೋಡಿ ಎಷ್ಟು ಕಾಲವಾಗಿತ್ತು! ಬಳಸದ ಕಾರ್ಡಿಗೆ ಎಂಥ ದುಡ್ಡು ಅಂತ ಬಿಟ್ಟೆ. ತಡವಾಗಿದ್ದಕ್ಕೆ ದಂಡ, ದಂಡಕ್ಕೆ ಜಿಎಸ್‌ಟಿ, ಎಲ್ಲದಕ್ಕೂ ಬಡ್ಡಿ. ನಾಲ್ಕನೇ ತಿಂಗಳಿಗೆ ಎರಡು ಸಾವಿರ ದಾಟಿತು.

ಆಮೇಲೆ ಗಂಡು ದನಿ. 'ಸರ್' ಹೋಗಿ 'ನೀನು' ಬಂತು. "ನಾಳೆ ಮನೆ ಹತ್ರ ಪೊಲೀಸ್ ಬರ್ತಾರೆ, ರೆಡಿ ಇರು." ಆಗ ರಾತ್ರಿ ಎಂಟೂವರೆ. ಬೈಕ್ ಸದ್ದಾದರೂ ಕಿಟಕಿಯಲ್ಲಿ ಇಣುಕುತ್ತಿದ್ದೆ. ನನ್ನವಳು ಮಾತ್ರ ಅವರೆಕಾಯಿ ಸುಲಿಯುತ್ತಾ, "ಎರಡು ಸಾವಿರಕ್ಕೆ ಜೀಪಿನ ಡೀಸೆಲ್ ಗಿಟ್ಟುತ್ತೇನ್ರೀ?" ಅಂದಳು.

ಮೇಲಿನ ಮನೆಯ ರಾಯರು ಬ್ಯಾಂಕಿನಲ್ಲೇ ರಿಟೈರ್ ಆದವರು. ಬಾಕಿ ಉಳಿದರೆ ಅದು ಸಿವಿಲ್ ತಕರಾರು, ಬ್ಯಾಂಕು ಕೋರ್ಟಿಗೆ ಹೋಗಬೇಕೇ ಹೊರತು ಪೊಲೀಸರನ್ನು ಕಳಿಸಕ್ಕಾಗಲ್ಲ ಅಂದರು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಕೂಡದು ಅಂತ ರಿಸರ್ವ್ ಬ್ಯಾಂಕೇ 2022ರಲ್ಲಿ ಹೇಳಿದೆಯಂತೆ. ಕೇಳದೆ ಕಾರ್ಡ್ ಕಳಿಸಿ ಬಿಲ್ ಹಾಕಿದರೆ ಬಿಲ್ ವಾಪಸ್ ತಗೊಂಡು, ಅದರ ಎರಡರಷ್ಟು ದಂಡವನ್ನೂ ಬ್ಯಾಂಕೇ ಕೊಡಬೇಕಂತೆ. "ಫೋನಲ್ಲಿ ಜಗಳ ಆಡ್ಬೇಡಿ. ಬರೆದು ಕಳಿಸಿ. ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬರದಿದ್ರೆ ಇಂಥ ದೂರು ಕೇಳೋಕೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದಾರೆ, ಕಾಸು ಖರ್ಚಿಲ್ಲ."

ಬರೆದೆ. ಫೋನ್ ಬಂದ ದಿನ, ಗಂಟೆ ಎಲ್ಲ ಹಾಕಿದೆ. ನಾನು ಒಪ್ಪಿದ ರೆಕಾರ್ಡಿಂಗ್ ಕೊಡಿ ಅಂತಲೂ ಕೇಳಿದೆ. ನಿಜ ಹೇಳಬೇಕೆಂದರೆ ಅದರ ಮೇಲೆ ಆಸೆಯಿತ್ತು, ಒಗ್ಗರಣೆಯ ಚಟಪಟವೂ ಇರಬೇಕು ಅದರಲ್ಲಿ. ಕೊಡಲಿಲ್ಲ. ಮೂರು ವಾರಕ್ಕೆ, ತಮ್ಮ ದೊಡ್ಡ ಮನಸ್ಸಿನಿಂದ ಬಾಕಿ ಮನ್ನಾ ಮಾಡಿ ಕಾರ್ಡ್ ಮುಚ್ಚಿದ್ದೇವೆ ಅಂತ ಮೇಲ್ ಬಂತು. ದಂಡದ ಸುದ್ದಿ ಎತ್ತಲಿಲ್ಲ. ನಾನೂ ಬಿಟ್ಟೆ. ಅದನ್ನು ಕೇಳಲು ಮತ್ತೆ ಅವರ ಫೋನ್ ಎತ್ತಬೇಕಲ್ಲ!

1909ಕ್ಕೆ ಮೆಸೇಜ್ ಹಾಕಿ ಮಾರಾಟದ ಕರೆಗಳನ್ನೂ ನಿಲ್ಲಿಸಿದೆ. ಪೂರ್ತಿ ನಿಂತಿಲ್ಲ, ಕಮ್ಮಿಯಾಗಿವೆ. ಫೋನಿನಲ್ಲಿ ಹೂಂ ಅನ್ನುವುದನ್ನು ಮಾತ್ರ ಪೂರ್ತಿ ನಿಲ್ಲಿಸಿದ್ದೇನೆ.

ಮೊನ್ನೆ ಅಮ್ಮ ಊರಿಂದ ಫೋನ್ ಮಾಡಿದ್ದಳು. ಪಕ್ಕದ ಮನೆಯವರ ಹಸು ಕರು ಹಾಕಿದ ಕಥೆ. ಕರುವಿನ ಕಾಲು ಕಾಣಿಸುವ ಹೊತ್ತಿಗೆ ನಿಲ್ಲಿಸಿ ಕೇಳಿದಳು: "ಇದೀಯೇನೋ, ಮಲಗಿಬಿಟ್ಯಾ?"