ಭಾವನ ಹಿತ್ತಾಳೆ, ಅಮ್ಮನ ಹುಣಸೆಹಣ್ಣು

ಒಂದು ಸಲಕ್ಕೆ ಒಂದೇ ಗುಂಡು ಹಾರಿಸುವ ರೈಫಲ್‌ಗಳಿಗೆ ಎಷ್ಟು ಹಟವಿರುತ್ತದೆ ಎಂಬುದು ಪೆನ್ಸಿಲ್ವೇನಿಯಾದಲ್ಲಿರುವ ನನ್ನ ಭಾವನ ಗ್ಯಾರೇಜಿಗೆ ಕಾಲಿಟ್ಟವರಿಗೆಲ್ಲ ತಿಳಿಯುತ್ತದೆ. ಅವರಲ್ಲಿರುವುದು ಹಳೆಯ ಶಾರ್ಪ್ಸ್ ರೈಫಲ್ಲಿನ ಹೊಸ ನಕಲು. ಅದಕ್ಕೆ ಬೇಕಾದದ್ದು 1873ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ 45-70 ಎಂಬ ತೋಟೆ, ಅಂದರೆ 0.45 ಅಂಗುಲದ ಗುಂಡು, 70 ಗ್ರೇನ್ ಕರಿಮದ್ದು, ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಗ್ರಾಂ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕೇಸನ್ನು ಎಸೆಯದೆ ಮತ್ತೆ ಅಳತೆಗೆ ತಂದು ತುಂಬಿಸುವುದು ಭಾವನ ಪ್ರಕಾರ ಉಳಿತಾಯ. ಲೆಕ್ಕ ಬರೆದಿಡುವ ಅಕ್ಕನ ಪ್ರಕಾರ ಅಲ್ಲ.

ಮದ್ದು ಹೊತ್ತಿಕೊಂಡಾಗ ಕೇಸು ಉಬ್ಬಿ, ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಚೇಂಬರಿನ ಗೋಡೆಗೆ ಒತ್ತಿಕೊಂಡು, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಆಮೇಲೆ ಕೊಂಚ ಕುಗ್ಗಿದರೂ ಮೊದಲಿನ ಗಾತ್ರಕ್ಕೆ ಪೂರ್ತಿ ಮರಳುವುದಿಲ್ಲ. ಬೋಲ್ಟ್ ಎಂಬ ಸರಳನ್ನು ತಿರುಗಿಸಿ ಮುಚ್ಚುವ ರೈಫಲ್ ಆಗಿದ್ದರೆ ತುಸು ದಪ್ಪನೆಯ ಕೇಸನ್ನೂ ಬಲವಂತವಾಗಿ ಒಳಗೆ ಕೂರಿಸಿಬಿಡುತ್ತದೆ. ಶಾರ್ಪ್ಸ್‌ಗೆ ಆ ತಾಕತ್ತಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗದ ಕೇಸು ಅದಕ್ಕೂ ಬಗ್ಗದು. ಭಾವನೋ, ಶೂಟಿಂಗ್ ಮೈದಾನದಲ್ಲಿ ಯಾರ್‍ಯಾರದೋ ಬಂದೂಕಿನಿಂದ ಉದುರಿದ ಕೇಸುಗಳನ್ನು ಚೀಲದ ತುಂಬ ಆರಿಸಿ ತಂದಿದ್ದರು. ಒಂದೂ ಪೂರ್ತಿ ಒಳಗೆ ಹೋಗಲಿಲ್ಲ.

ಆದ್ದರಿಂದ ಕೇಸು ಒತ್ತುವ ಪ್ರೆಸ್ ಬಂತು, ಅದನ್ನು ಅಳತೆಗೆ ತರುವ ಉಕ್ಕಿನ ಅಚ್ಚು, ಅಂದರೆ ಡೈ ಬಂತು. ಡೈಯೊಳಗೆ ಕೇಸನ್ನು ಒತ್ತುವ ಮೊದಲು ಅದಕ್ಕೆ ಜಿಡ್ಡು ಸವರಬೇಕು ಎಂದು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿತ್ತು. ಅದಕ್ಕೆಂದೇ ಮಾರುವ ಮೇಣಕ್ಕೆ ದುಡ್ಡು ಸುರಿಯಲು ಮನಸ್ಸಾಗದೆ, ಊರಿನಿಂದ ಬಂದಿದ್ದ ಅಮ್ಮನ ಕೊಬ್ಬರಿ ಎಣ್ಣೆಯ ಸೀಸೆಯನ್ನು ಭಾವ ಎತ್ತಿಕೊಂಡು ಹೋದರು. ಇಪ್ಪತ್ತನಾಲ್ಕು ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಆ ಎಣ್ಣೆ ಡಿಸೆಂಬರಿನ ಗ್ಯಾರೇಜಿನಲ್ಲಿ ಕೇಸಿನ ಒಂದು ಮಗ್ಗುಲಿಗೆ ಮುದ್ದೆಯಾಗಿ ಅಂಟಿತು, ಇನ್ನೊಂದು ಮಗ್ಗುಲು ಒಣಗಿಯೇ ಉಳಿಯಿತು. ಪ್ರೆಸ್ಸಿನ ಹಿಡಿ ಅರ್ಧ ದಾರಿಯಲ್ಲಿ ನಿಂತಿತು. ಭಾವ ಅದಕ್ಕೆ ಜೋತುಬಿದ್ದರು. ಹಿಂದಕ್ಕೆ ಎಳೆದಾಗ ಟಪ್ ಎಂದು ಕೇಸಿನ ಅಂಚು ಕಿತ್ತು ಬಂತೇ ಹೊರತು ಕೇಸು ಬರಲಿಲ್ಲ. ಕೊನೆಗೆ ಅದರ ತಳಕ್ಕೆ ಡ್ರಿಲ್ ಹಾಕಿ, ತಿರುಪಿನ ಎಳೆ ಕೊರೆದು, ಬೋಲ್ಟು ಹಾಕಿ ಬಿಗಿಯುತ್ತ ಬಿಗಿಯುತ್ತ ಎಳೆಯಬೇಕಾಯಿತು; ಹೊರಬಂದ ಕೇಸಿಗಿಂತ ಆ ಸಲಕರಣೆಗೆ ಎಷ್ಟೋ ಪಟ್ಟು ಹೆಚ್ಚು ಬೆಲೆ.

ಮಸಿ ಹಿಡಿದ ಉಳಿದ ಕೇಸುಗಳನ್ನು ತೊಳೆಯುವ ಕೆಲಸವನ್ನು ಅಮ್ಮ ತಾವಾಗಿಯೇ ವಹಿಸಿಕೊಂಡರು. ಅಕ್ಕ ಅಂಗಡಿಯ ಪಾಲಿಶ್ ಡಬ್ಬಿಯನ್ನು ಮುಂದೆ ಚಾಚಿದಾಗ ಭಾವ ಹೌಹಾರಿದರು, ಏಕೆಂದರೆ ಅದರಲ್ಲಿ ಅಮೋನಿಯಾ ಇತ್ತು. ಬ್ರಿಟಿಷರ ಕಾಲದಲ್ಲಿ ಇಂಡಿಯಾದ ದಂಡಿನವರು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ತೋಟೆಗಳು ಹಾರಿಸದೆಯೇ ಸೀಳು ಬಿಡುತ್ತಿದ್ದುದೂ, ಕುದುರೆಯ ಗಂಜಲದ ಅಮೋನಿಯಾವೂ ಹಿತ್ತಾಳೆಯೊಳಗೆ ಉಳಿದ ಬಿಗುವೂ ಸೇರಿ ಹಾಗಾಗುತ್ತದೆ ಎಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದ್ದೂ ಆಗ ನಮಗೆ ಗೊತ್ತಾಯಿತು.

“ಅದಕ್ಕೇ ನಾವು ಹಿತ್ತಾಳೆಗೆ ಹುಣಸೆಹಣ್ಣು ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ” ಎಂದರು ಅಮ್ಮ, 1921ಕ್ಕೆ ಯಾವ ಮರ್ಯಾದೆಯನ್ನೂ ಕೊಡದೆ. ಕೇಸುಗಳು ಫಳಫಳ ಹೊಳೆದವು. ಹೊಳಪಿಗೂ ಗುರಿಗೂ ಸಂಬಂಧವಿಲ್ಲವೆಂದು ಭಾವ ಗೊಣಗಿದರೂ ಅವನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದುಕೊಂಡರು.

ಈಗ ಅವರು ತಮ್ಮ ರೈಫಲ್ಲಿನಿಂದ ಹಾರಿದ ಕೇಸುಗಳನ್ನಷ್ಟೇ ಬಳಸುತ್ತಾರೆ, ಆದರೂ ಪ್ರತಿಯೊಂದನ್ನೂ ಬುಡದಿಂದ ಬಾಯಿಯವರೆಗೆ ಒತ್ತುತ್ತಾರೆ. ಒತ್ತಿದಷ್ಟೂ ಹಿತ್ತಾಳೆ ಪೆಡಸಾಗಿ ಬಾಯಿ ಬೇಗ ಸೀಳುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅಮ್ಮ ಬಾಗಿಲ ಬಳಿ ನಿಂತು ನೋಡಿ ಕೇಳಿದರು: “ಅದೇ ಬಂದೂಕಿನಿಂದ ಬಂದದ್ದು ಅದೇ ಬಂದೂಕಿಗೆ ವಾಪಸ್ ಹೋಗುವುದಾದರೆ ಇಷ್ಟೆಲ್ಲ ಯಾಕೆ ಒತ್ತಬೇಕು, ಅಳಿಯಂದಿರೇ?”

ಕರಿಮದ್ದಿನಲ್ಲಿ ಗುರಿಯಾಟ ಆಡುವ ಅನೇಕರು ನಿಜಕ್ಕೂ ಹಾಗೆ ಒತ್ತುವುದಿಲ್ಲ. ಭಾವ ಹಿಡಿಯನ್ನು ಬಿಡದೆಯೇ ಉತ್ತರಿಸಿದರು: “ಡೈಗೆ ದುಡ್ಡು ಕೊಟ್ಟಾಗಿದೆಯಲ್ಲ, ಅತ್ತೆ.”