ನಿಮ್ದೇ ಗಾಡಿ ತಾನೇ ಸಾರ್?

"ಸಾರ್, ನ್ಯೂಟ್ರಲ್ ಮಾಡಿ."

ಆಗಲ್ಲ.

"ಗೇರ್ ತೆಗೀರಿ ಸಾಕು, ನಾವು ದೂಡ್ತೀವಿ."

ತೆಗೆಯಕ್ಕೆ ಬರಲ್ಲ ಮಾರಾಯ.

"ನಿಮ್ದೇ ಗಾಡಿ ತಾನೇ ಸಾರ್?"

ಮೂರು ದಿನ ಆಯ್ತು. ಊಟಕ್ಕೆ ಕೂತರೂ ಇದೇ, ಮಲಗಿದರೂ ಇದೇ. ಆ ಹುಡುಗ ಕುಹಕಕ್ಕೆ ಕೇಳಿದ್ದಲ್ಲ. ಮಿನಿ ಬಸ್ಸಿನ ಕಂಡಕ್ಟರ್, ಪಾಪ, ಆ ಮಳೆಯಲ್ಲಿ ಇಳಿದು ಬಂದು ಡಿಕ್ಕಿಗೆ ಹೆಗಲು ಕೊಟ್ಟಿದ್ದ. ನಿಜವಾಗಿಯೂ ಅನುಮಾನ ಬಂದೇ ಕೇಳಿದ. ಬೈದಿದ್ದರೆ ಮರೆತುಬಿಡ್ತಿದ್ದೆ.

ಆಗುಂಬೆ ಘಾಟಿಯ 14 ತಿರುವಿನಲ್ಲಿ ಏಳನೇದೋ ಎಂಟನೇದೋ. ಮಣಿಪಾಲದಲ್ಲಿ ಅಪ್ಪಯ್ಯನ ಕಣ್ಣು ತೋರಿಸಿಕೊಂಡು, ಸೋಮೇಶ್ವರ ದಾಟಿ ಹತ್ತುತ್ತಾ ಇದ್ವಿ. ಮೊದಲು ಪರದೆ ಮೇಲೆ ಒಂದು ಹಳದಿ ದೀಪ. ಆಮೇಲೆ ಬ್ರೇಕು, ಸ್ಟೇರಿಂಗು, ಏರ್‌ಬ್ಯಾಗು, ಒಂದರ ಹಿಂದೆ ಒಂದು ಎಚ್ಚರಿಕೆ. ನಾನು ಓದಿ ಮುಗಿಸೋದರೊಳಗೆ ಪರದೆಯೇ ಆರಿಹೋಯ್ತು, ಇಂಜಿನ್ ನಿಂತೋಯ್ತು. ತಿರುವಿನ ನಡುವೆ, ರಸ್ತೆಗೆ ಅಡ್ಡಲಾಗಿ. ನಿಂತದ್ದೇ ತಡ, ತನ್ನಷ್ಟಕ್ಕೆ ಪಾರ್ಕಿಂಗ್ ಗೇರಿಗೆ ಬಿದ್ದು ಚಕ್ರ ಕಚ್ಚಿಕೊಂಡಿತು.

ನಂದು ಹಿಂದಿನ ಚಕ್ರ ಓಡೋ ಆಟೋಮ್ಯಾಟಿಕ್ ಸ್ಪೋರ್ಟ್ಸ್ ಕಾರು. ಈ ಗಾಡಿಯಲ್ಲಿ ಗೇರ್ ಅಂತ ಕೈಗೆ ಸಿಗೋದು ಬರೀ ಸ್ವಿಚ್ಚು. ಅದಕ್ಕೂ ಗೇರ್‌ಬಾಕ್ಸಿಗೂ ನಡುವೆ ಕಬ್ಬಿಣದ ಸಂಬಂಧವೇ ಇಲ್ಲ, ಬರೀ ವಯರು. ಕರೆಂಟ್ ಇಲ್ಲ ಅಂದರೆ ನ್ಯೂಟ್ರಲ್ ಇಲ್ಲ. ನ್ಯೂಟ್ರಲ್ ಇಲ್ಲ ಅಂದರೆ ಆರು ಜನ ಅಲ್ಲ, ಅರವತ್ತು ಜನ ಬಂದರೂ ದೂಡಕ್ಕೆ ಆಗಲ್ಲ. ಇದನ್ನು ಆ ಮಳೆಯಲ್ಲಿ ನಿಂತು, ಮೇಲೆ ಕೆಳಗೆ ಸಾಲುಗಟ್ಟಿ ಹಾರ್ನ್ ಹೊಡೀತಿರೋ ಗಾಡಿಗಳ ನಡುವೆ, ಹೊಸದಾಗಿ ಬಂದ ಒಬ್ಬೊಬ್ಬರಿಗೂ ಮೊದಲಿಂದ ಹೇಳಬೇಕು. ಒಬ್ಬರು ಹಿರಿಯರು ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಒಳಗೆ ಕೂತು ಬ್ರೇಕ್ ಒತ್ತಿ ನೋಡಿದರು. ಬಸ್ಸಿನ ಕಿಟಕಿಯಲ್ಲಿ ಯಾರೋ ಮೊಬೈಲ್ ಹಿಡಿದಿದ್ದರು. ಕಂಡಕ್ಟರ್ ಮತ್ತೆ ಬಂದ. "ಕೀ ತಿರುಗಿಸಿ ನೋಡಿ ಸಾರ್." ತಿರುಗಿಸುವ ಕೀಯೂ ಇಲ್ಲ ಅಂದೆ. ಆಗಲೇ ಅವನು ಆ ಮಾತು ಕೇಳಿದ್ದು.

ನಂದೇ ಗಾಡಿ ಕಣಪ್ಪ. ಎರಡು ವರ್ಷದ ಅಡಿಕೆ ದುಡ್ಡು, ಮೇಲೆ ಸಾಲ.

ಕೊನೆಗೆ ದಾರಿ ತೋರಿಸಿದ್ದು ಒಂದು ಹಳೇ ಮಹೀಂದ್ರ ಜೀಪು. ಹಿಂದೆ ಮೈಲುತುತ್ತದ ಚೀಲ, ಸುಣ್ಣದ ಚೀಲ, ಔಷಧಿ ಹೊಡೆಯೋ ಇಬ್ಬರು ಹುಡುಗರು. ಡ್ರೈವರ್ ಕೇಬಲ್ ತೆಗೆದು "ಬ್ಯಾಟರಿ ಎಲ್ಲಿದೆ?" ಅಂದ. ಡಿಕ್ಕಿಯಲ್ಲಿ. "ಡಿಕ್ಕಿ ತೆಗೀರಿ." ಡಿಕ್ಕಿ ತೆರೆಯಕ್ಕೂ ಕರೆಂಟ್ ಬೇಕು! ಪುಣ್ಯಕ್ಕೆ ಬಾನೆಟ್ಟಿನೊಳಗೆ ಒಂದು ಕೆಂಪು ಮುಚ್ಚಳದ ಕೆಳಗೆ ಜಂಪ್ ಕೊಡೋ ಜಾಗ ಇರುತ್ತೆ ಅಂತ ಎಲ್ಲೋ ಓದಿದ್ದು ನೆನಪಾಯ್ತು. ಜೀಪಿನ ಕರೆಂಟಲ್ಲಿ ಎರಡು ನಿಮಿಷ ಪರದೆ ಹೊತ್ತಿತು. ಅಷ್ಟರಲ್ಲಿ ನ್ಯೂಟ್ರಲ್ ಮಾಡಿ ಬದಿಗೆ ದೂಡಿದ್ದಾಯ್ತು.

ಅಪ್ಪಯ್ಯ ಅದೇ ಜೀಪಲ್ಲಿ ಮನೆಗೆ ಹೋದರು. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಎಲ್ಲ ಮಸುಕು. ಮೈಲುತುತ್ತದ ಚೀಲದ ಮೇಲೆ ಕೊಡೆ ಮಡಚಿ ಹಿಡಿದು ಕೂತರು. ನನಗೆ ಒಂದು ಮಾತೂ ಅನ್ನಲಿಲ್ಲ. ಹೋದ ವರ್ಷ ಈ ಗಾಡಿಗೆ ಕೊಟ್ಟಿಗೆ ಪಕ್ಕದ ಶೆಡ್ಡಲ್ಲಿ ಜಾಗ ಬೇಕು ಅಂತ ಅವರ ಹಳೇ ಜೀಪು ಮಾರಿಸಿದ್ದು ನಾನು. ಮಾರಿದ ಮೇಲೆ ಗೊತ್ತಾಗಿದ್ದು, ಶೆಡ್ಡಿನ ಏರಿಗೆ ಈ ಗಾಡಿಯ ಹೊಟ್ಟೆ ತಾಗುತ್ತೆ ಅಂತ. ಅವತ್ತಿಂದ ಗಾಡಿ ಅಂಗಳದಲ್ಲಿ, ಹಲಸಿನ ಮರದ ಕೆಳಗೆ.

ಆ ಹಲಸಿನ ಮರಕ್ಕೇ ಬಂತು ಮಾತು. ಟ್ರಕ್ಕಿನ ಮೇಲೆ ಹೇರಿಕೊಂಡು ಹೋದ ಮರುದಿನ ಸರ್ವಿಸ್‌ನವನ ಫೋನು. ಸನ್‌ರೂಫಿನ ನೀರು ಇಳಿದುಹೋಗಕ್ಕೆ ನಾಲ್ಕು ಮೂಲೆಗೂ ಸಣ್ಣ ಕೊಳವೆ ಇರುತ್ತಂತೆ. ಹಿಂದಿನದಕ್ಕೆ ತರಗೆಲೆ ಕಟ್ಟಿ, ನೀರು ಒಳಗಿಂದೊಳಗೇ ಡಿಕ್ಕಿಯ ತಳಕ್ಕೆ ಇಳಿದು, ಬ್ಯಾಟರಿಯನ್ನೂ ಪಕ್ಕದ ಎರಡು ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನೂ ತಿಂದಿದೆಯಂತೆ. ವಾರಂಟಿ ಬರಲ್ಲ, ಹೊರಗಿನ ಕಾರಣ. "ಮರದ ಕೆಳಗೆ ಪಾರ್ಕ್ ಮಾಡಬಾರದಿತ್ತು ಸರ್."

ಮರದ ಕೆಳಗೆ ನಿಲ್ಲಿಸಬಾರದು! ತೀರ್ಥಹಳ್ಳಿ ತಾಲ್ಲೂಕಲ್ಲಿ ಮರ ಇಲ್ಲದ ಜಾಗ ಎಲ್ಲಿದೆ, ಯಾರಾದರೂ ತೋರಿಸಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಸುರಿಯೋ ಆಗುಂಬೆ ಇರೋದು ಇದೇ ತಾಲ್ಲೂಕಲ್ಲಿ. ಗಾಡಿ ಮಾರುವಾಗ ನನ್ನ ವಿಳಾಸ ಬರೆದುಕೊಂಡಿದ್ದು ನೀವೇ ತಾನೇ? ಸನ್‌ರೂಫ್ ತೆಗೆದು ಆಕಾಶ ತೋರಿಸಿದಿರಿ, ಆ ಕೊಳವೆ ತೋರಿಸಿದ್ರಾ? ಮಳೆಗಾಲಕ್ಕೆ ಮುಂಚೆ ಒಂದು ಸಲ ಊದಿಸಿ ಸ್ವಚ್ಛ ಮಾಡಿಸಿ ಅಂತ ಒಂದು ಮಾತು? ಪ್ರತಿ ಸರ್ವಿಸ್ಸಿಗೂ ಅಷ್ಟು ದುಡ್ಡು ಎಣಿಸಿದ್ದೀನಲ್ಲ, ಒಬ್ಬನಾದರೂ ಅದನ್ನು ನೋಡಿದ್ನಾ?

ಇನ್ನೊಂದು ಸಂಕಟ ಕೇಳಿ. ಬ್ಯಾಟರಿಯನ್ನು ಡಿಕ್ಕಿಗೆ ಇಟ್ಟಿದ್ದು ಯಾಕೆ? ಮುಂದೆ ಇಂಜಿನ್ ಭಾರ, ಹಿಂದೆ ಬ್ಯಾಟರಿ ಭಾರ, ತೂಕ ಎರಡು ಕಡೆಗೂ ಸಮನಾಗಿ ಹಂಚಲಿ, ತಿರುವಿನಲ್ಲಿ ಗಾಡಿ ಚೊಕ್ಕವಾಗಿ ತಿರುಗಲಿ ಅಂತ. ನಾನು ಮರುಳಾಗಿದ್ದೇ ಆ ತಿರುಗುವಿಕೆಗೆ. ಯಾವುದಕ್ಕೆ ಮರುಳಾದೆನೋ ಅದೇ ನನ್ನನ್ನು ತಿರುವಿನಲ್ಲಿ ಕೂರಿಸಿತು.

ಭಾವ ಅವತ್ತೇ ಹೇಳಿದ್ದರು. ನಮ್ಮ ಬಿಡದಿಯಲ್ಲೇ ಕಟ್ಟೋ ಟೊಯೋಟಾ ಕ್ಯಾಮ್ರಿ ತಗೋ, ಕೈಯಲ್ಲಿ ದುಡ್ಡು ಜಾಸ್ತಿ ಇದ್ದರೆ ಅಲ್ಲೇ ಜೋಡಿಸೋ, ಅದೇ ಟೊಯೋಟಾದವರ ದುಬಾರಿ ಗಾಡಿ ಲೆಕ್ಸಸ್ ಇಎಸ್ ತಗೋ ಅಂತ. ಮೂರು ವರ್ಷ ಹಳೆಯ ಗಾಡಿಗಳ ತೊಂದರೆ ಎಣಿಸುವ ಅಮೆರಿಕದ ಜೆ.ಡಿ. ಪವರ್ ಪಟ್ಟಿಯಲ್ಲಿ 2023ರಲ್ಲೂ 2024ರಲ್ಲೂ ಲೆಕ್ಸಸ್ ಮೊದಲು ಅಂತ ಮೊಬೈಲಲ್ಲಿ ತೋರಿಸಿದರು. ಎರಡೂ ಪೆಟ್ರೋಲ್ ಇಂಜಿನ್ ಜೊತೆ ಕರೆಂಟ್ ಮೋಟರೂ ಇರೋ ಹೈಬ್ರಿಡ್ ಗಾಡಿ, ಟರ್ಬೋ ಇಲ್ಲ, ಬೇರೆ ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಇಲ್ಲದ್ದು ಕೆಡಲ್ಲ ಕಣೋ ಅಂದರು. ನಾನು ಅದು ಮುಂದಿನ ಚಕ್ರ ಎಳೆಯೋ ಗಾಡಿ, ಗೇರ್ ಬದಲಾದದ್ದೇ ಗೊತ್ತಾಗಲ್ಲ, ಹಿಂದೆ ಕೂತು ನಿದ್ದೆ ಮಾಡೋರಿಗೆ ಸರಿ ಅಂದೆ. ಎಲ್ಲರ ಎದುರಿಗೆ ಅಂದೆ. ಅದಕ್ಕೂ ಬ್ಯಾಟರಿ ಸಾಯಬಹುದು, ಅದಕ್ಕೂ ಸನ್‌ರೂಫ್ ಇದೆ, ಅದು ಗೊತ್ತು. ಆದರೂ ಭಾವನ ಮುಖ ನೋಡಕ್ಕೆ ಆಗ್ತಿಲ್ಲ. ಲೆಕ್ಸಸ್‌ನವರದ್ದೇ ಐಎಸ್ ಅಂತ ಇದೆ, ಹಿಂದಿನ ಚಕ್ರ ಓಡೋ ಸ್ಪೋರ್ಟ್ಸ್ ಸೆಡಾನ್. ಅಮೆರಿಕದಲ್ಲಿ ಮಾರ್ತಾರೆ, ನಮಗೆ ತರಲೇ ಇಲ್ಲ. ಓಟವೂ ನಂಬಿಕೆಯೂ ಒಟ್ಟಿಗೆ ಕೇಳೋರು ಎಲ್ಲಿಗೆ ಹೋಗಬೇಕು?

ಮಾರಿಬಿಡ್ತೀನಿ ಅಂತ ಅವತ್ತು ರಾತ್ರಿಯೇ ಹೆಂಡತಿಗೆ ಹೇಳಿದೆ. ನಿನ್ನೆ ಅವಳ ಆಲ್ಟೋದಲ್ಲಿ ಶಿವಮೊಗ್ಗಕ್ಕೆ ಹೋದೆ. ಮಂಡಗದ್ದೆ ದಾಟಿ ತುಂಗೆ ಪಕ್ಕದ ಆ ತಿರುವುಗಳು ಬಂದಾಗ ಕೈ ತನ್ನಷ್ಟಕ್ಕೆ ಆ ಸ್ಟೇರಿಂಗ್ ಹುಡುಕಿತು. ಮುಂಜಾನೆ ಖಾಲಿ ರಸ್ತೆಯಲ್ಲಿ ಎರಡನೇ ಗೇರಿಗೆ ಇಳಿಸಿ, ತಿರುವು ಬಿಡುವಾಗ ಆಕ್ಸಿಲರೇಟರ್ ಒತ್ತಿದರೆ ಹಿಂದಿನಿಂದ ಯಾರೋ ಬೆನ್ನಿಗೆ ಕೈಯಿಟ್ಟು ದೂಡಿದ ಹಾಗೆ ಆಗುತ್ತಲ್ಲ, ಅದಕ್ಕೆ ಏನು ಬೆಲೆ ಕಟ್ಟಲಿ? ನಲವತ್ತೇಳು ವರ್ಷಕ್ಕೆ ನನಗೆ ಅಂತ ನಾನು ತಗೊಂಡಿದ್ದು ಇದೊಂದೇ. ಮಾರಲ್ಲ. ಮಾರಿದರೂ ಈ ಸ್ಥಿತಿಯಲ್ಲಿ ಯಾರು ತಗೊಳ್ತಾರೆ.

ಓಟಕ್ಕೆ ಬೇಕಾಗಿ ಸ್ವಲ್ಪ ನಂಬಿಕೆ ಬಿಟ್ಟುಕೊಡೋದು ನಾನು ಒಪ್ಪಿ ಮಾಡಿದ್ದು, ಅದರ ಜಗಳ ನನ್ನ ಜೊತೆಗೇ. ಆದರೆ ಓಟಕ್ಕೆ ಸಂಬಂಧವೇ ಇಲ್ಲದ್ದನ್ನೂ ಯಾಕೆ ಕಿತ್ತುಕೊಂಡರು? ಆಯಿಲ್ ನೋಡಕ್ಕೆ ಕಡ್ಡಿ ಇಲ್ಲ, ಪರದೆ ಹೇಳಿದ್ದೇ ನಿಜ. ಸ್ಟೆಪ್ನಿ ಇಲ್ಲ, ರನ್‌ಫ್ಲ್ಯಾಟ್ ಟೈರು. ಪಂಕ್ಚರ್ ಆದರೆ 80 ವೇಗದಲ್ಲಿ 80 ಕಿಲೋಮೀಟರ್ ಹೋಗಬಹುದು ಅಂತಾರೆ, ಆಮೇಲೆ ಆ ಟೈರ್ ಹೆಬ್ರಿಯಲ್ಲಿ ಸಿಗುತ್ತಾ, ಕೊಪ್ಪದಲ್ಲಿ ಸಿಗುತ್ತಾ? ಹೊಸ ಬ್ಯಾಟರಿ ಹಾಕಿದರೆ ಸಾಲದು, ಹಾಕಿದ್ದೀವಿ ಅಂತ ಗಾಡಿಯ ಕಂಪ್ಯೂಟರಿಗೆ ಅವರ ಯಂತ್ರ ಹಚ್ಚಿ ಹೇಳಬೇಕು. ಕರೆಂಟ್ ಹೋದಾಗ ಕಚ್ಚಿಕೊಂಡ ಚಕ್ರ ಬಿಡಿಸೋ ಒಂದು ಸನ್ನೆಗೋಲು ಕೈಗೆ ಸಿಗೋ ಹಾಗೆ ಇಟ್ಟಿದ್ದರೆ ಗಾಡಿಯ ವೇಗ ಎಷ್ಟು ಕಮ್ಮಿ ಆಗ್ತಿತ್ತು? ಕಂಪನಿಯವರು ಹೇಳಿ, ಇಂಜಿನಿಯರಿಂಗ್ ಓದಿದೋರು ಹೇಳಿ, ಇದೇ ಥರದ ಗಾಡಿ ಇಟ್ಟುಕೊಂಡು ಮಲೆನಾಡಲ್ಲಿ ಬದುಕ್ತಿರೋರು ಯಾರಿದ್ದರೂ ಹೇಳಿ. ಮಳೆಗಾಲದಲ್ಲಿ ನೀವು ಏನು ಮಾಡ್ತೀರಿ?

ಇವತ್ತು ಬೆಳಗ್ಗೆ ಅಪ್ಪಯ್ಯ ಕಾಫಿ ಕುಡೀತಾ ಕೇಳಿದರು, "ಮುಂದಿನ ತಿಂಗಳು ಮತ್ತೆ ಕಣ್ಣು ತೋರಿಸಕ್ಕೆ ಹೋಗಬೇಕಲ್ಲ, ನಾನು ಬಸ್ಸಿಗೇ ಹೋಗ್ಲಾ?" ನಾನು ಕರ್ಕೊಂಡು ಹೋಗ್ತೀನಿ ಅಂದೆ. ಯಾವುದರಲ್ಲಿ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

3,80,000 ರೂಪಾಯಿ ಎಸ್ಟಿಮೇಟು. ಸಂಜೆಯೊಳಗೆ ಒಪ್ಪಿಗೆ ಕೊಟ್ಟರೆ ಮಾತ್ರ ಪಾರ್ಟ್ಸ್ ತರಿಸ್ತಾರಂತೆ. ಇದನ್ನು ಬರೀತಿರುವಾಗಲೇ ಎರಡನೇ ಸಲ ಮೆಸೇಜ್ ಬಂತು. ಇನ್ನೂ ಏನೂ ಕಳಿಸಿಲ್ಲ.